ತೊದಲ್ನುಡಿಯ ಚರಿತ್ರೆ

ಕ್ರಿ. ಶ. ೧೫೮೨ನೆಯ ಇಸವಿಯಲ್ಲಿ ಒಂದು ದಿನ ಅಕ್ಬರ ಬಾದಶಹನು ಕೆಲವೇ ಮಂದಿ ಆಪ್ತರನ್ನು ಕೂಡಿಕೊಂಡು, ಊರಿನ ಸದ್ದು ಮುಟ್ಟದಂತಹ ಸ್ಥಳದಲ್ಲಿ ತಾನೇ ಕಟ್ಟಿಸಿದ್ದ ಒಂದು ಮನೆಯನ್ನು ನೋಡಲು ಹೋದನು. ಆ ಮನೆಗೆ ಪಹರೆಯಿತ್ತು, ಒಳಗೆ ದಾದಿಯರಿದ್ದರು, ನಾಲ್ಕು ವರ್ಷಗಳ ಹಿಂದೆ ಹಾಲುಗೂಸುಗಳಾಗಿ ಬಂದು ಅಲ್ಲಿಯೇ ಬೆಳೆದ ಮಕ್ಕಳಿದ್ದರು. ಇಲ್ಲದಿದ್ದುದು ಮಾತೊಂದೇ. ಆ ಮಕ್ಕಳ ಕಿವಿಯ ಮೇಲೆ ಮನುಷ್ಯನ ಒಂದು ನುಡಿಯೂ ಬೀಳಕೂಡದೆಂದು ಅಪ್ಪಣೆಯಾಗಿತ್ತು. ನಾಲ್ಕು ವರ್ಷದ ಮಕ್ಕಳು ಹಲವರು ಕೂಡಿರುವ ಮನೆಯ ಗದ್ದಲವು ಎಂತಹುದೆಂಬುದು ಗೃಹಸ್ಥರಿಗೆ ತಿಳಿಯದುದಲ್ಲ. ಬಾದಶಹನಿಗೆ ಅಲ್ಲಿ ಕೇಳಿಸಿದ್ದು ಮೂಗರು ಮಾಡುವ ಅವ್ಯಕ್ತಧ್ವನಿ ಮಾತ್ರವೆಂದು ಆತನ ಆಸ್ಥಾನದ ಚರಿತ್ರಕಾರನಾದ ಅಬುಲ್ ಫಜಲನು ಅಕ್ಬರನಾಮೆಯಲ್ಲಿ ಬರೆದಿಟ್ಟಿದ್ದಾನೆ. ಜನರು ಆ ಮನೆಗೆ ಗುಂಗ್ ಮಹಲ್, ಎಂದರೆ ಮೂಗರ ಅರಮನೆ, ಎಂದು ಹೆಸರಿಟ್ಟರು.

ಮಾತು ಹುಟ್ಟುವುದು ಕೇಳುವಿಕೆಯಿಂದ. ಕೇಳದವನು ಆಡಲಾರನು ಎಂಬುದು ಅಕ್ಬರನ ಅಭಿಪ್ರಾಯವಾಗಿದ್ದಿತು. ಅದನ್ನು ಒಪ್ಪದವರಿಗೆ ತೋರಿಸಿಕೊಡುವ ಸಲುವಾಗಿಯೇ ೧೫೭೮ರ ಸುಮಾರಿನಲ್ಲಿ ಈ ಪರೀಕ್ಷೆಗೆ ತೊಡಗಿದನೆಂದೂ, ಬಾದಶಹನ ಮಾತೇ ನಿಜವಾಯಿತೆಂದೂ ಅಬುಲ್ ಫಜಲನು ಸಂತೋಷದಿಂದ ಹೇಳುತ್ತಾನೆ. ಅದೇ ಆಸ್ಥಾನದಲ್ಲಿದ್ದು ಬಾದಶಹನ ನಡತೆಯನ್ನು ಒಳಗೊಳಗೇ ದ್ವೇಷಿಸುತ್ತಿದ್ದ ಬದಾಯೂನಿಯೂ ಈ ಸಂಗತಿಯನ್ನು ಬರೆದಿದ್ದಾನೆ. ಆದರೆ ಆತನು ಕೊಡುವ ವಿವರವೇ ಬೇರೆ. ಸುಮಾರು ಇಪ್ಪತ್ತು ಕೂಸುಗಳನ್ನು ತಾಯಂದಿರಿಗೆ ಹಣಕೊಟ್ಟು ತರಿಸಲಾಯಿತು, ಬದುಕಿದವು ಮೂಗಾದುವು, ಕೆಲವು ಮಣ್ಣಿನ ಪಾಲಾದುವು. ಸ್ತುತಿಪಾಠಕನ ಗ್ರಂಥದಲ್ಲಿ ಎಡೆ ದೊರೆಯದ ಆ ಸತ್ತ ಕೂಸುಗಳ ಸುದ್ದಿಯು ವೈರಿಯ ಗ್ರಂಥದಲ್ಲಿ ಉಳಿದುಕೊಂಡಿತು. ಚರಿತ್ರೆಯಲ್ಲಿ ದ್ವೇಷಕ್ಕೂ ಒಮ್ಮೊಮ್ಮೆ ಇಂತಹ ಉಪಯೋಗವುಂಟು.

ಈ ಯೋಚನೆಯು ಹೊಳೆದವರಲ್ಲಿ ಅಕ್ಬರನು ಮೊದಲಿಗನಲ್ಲ. ಕ್ರಿ. ಪೂ. ಏಳನೆಯ ಶತಮಾನದಲ್ಲಿ ಈಜಿಪ್ಟನ್ನಾಳಿದ ಸಾಮೆಟಿಕಸ್ ಎಂಬ ಅರಸನು, ಲೋಕದಲ್ಲಿ ಎಲ್ಲಕ್ಕಿಂತ ಪುರಾತನವಾದ ಜನಾಂಗವು ಯಾವುದೆಂದು ತಿಳಿಯಬಯಸಿ, ಎರಡು ಕೂಸುಗಳನ್ನು ಒಬ್ಬ ಕುರುಬನ ವಶಕ್ಕೆ ಕೊಟ್ಟು, ಅವುಗಳ ಮುಂದೆ ಯಾರೂ ಬಾಯಿ ತೆರೆಯಕೂಡದೆಂದು ವಿಧಿಸಿದನಂತೆ. ಎರಡು ವರ್ಷಗಳಾದ ಮೇಲೆ ಅವು ಕೈಚಾಚಿ “ಬೆಕೊಸ್” ಎಂದು ಕೂಗಿದುವು. ಫ್ರಿಜಿಯದವರ ಭಾಷೆಯಲ್ಲಿ ಅದು ರೊಟ್ಟಿಯ ಹೆಸರು. ಆದಕಾರಣ ಫ್ರಿಜಿಯದವರೇ ತಮಗಿಂತ ಹಿಂದಿನವರೆಂದು ಈಜಿಪ್ಟಿನವರು ಒಪ್ಪಿಕೊಂಡರೆಂದು ಗ್ರೀಕ್ ಚರಿತ್ರಕಾರ ಹೆರೊಡೋಟಸನು ಹೇಳುತ್ತಾನೆ. ಮಕ್ಕಳಿಗೆ ಹಾಲೂಡಿಸಲು ಆ ಕುರುಬನು ಆಡುಗಳನ್ನು ಹೊಡೆದುಕೊಂಡು ಬರುತ್ತಿದ್ದನು. ಆ ಮಕ್ಕಳು ಕೇಳಿದ್ದ ಪ್ರಾಣಿಸ್ವರವೆಂದರೆ ಆಡಿನ ಕೂಗೇ. ಅದನ್ನೇ ಅವು ಅನುಕರಿಸಿರಬಾರದೇಕೆ ಎಂದು ಹಿಂದಿನ ಟೀಕಾಕಾರರೇ ಕೇಳಿದ್ದಾರೆ. ಹದಿಮೂರನೆಯ ಶತಮಾನದ ಚಕ್ರವರ್ತಿ ಎರಡನೆಯ ಫ್ರೆಡರಿಕನು ಇಂತಹುದೇ ಪರೀಕ್ಷೆಯನ್ನು ಮಾಡಿಸಿದನೆಂದೂ, ಮುದ್ದುಮಾತಾಗಲಿ ಲಾಲನೆಯಾಗಲಿ ಇಲ್ಲದೆ ಕೂಸುಗಳೆಲ್ಲವೂ ಸತ್ತುಹೋದುವೆಂದೂ ಸಾಲಿಂಬೇನೆ ಎಂಬ ಇಟಲಿಯ ಸಂನ್ಯಾಸಿಯು ಬರೆದಿದ್ದಾನೆ. ಈತನು ಚಕ್ರವರ್ತಿಗೆ ಪ್ರತಿಪಕ್ಷದವನಾದುದರಿಂದ ಇದನ್ನು ಸ್ವಲ್ಪ ಕಡಿಮೆಮಾಡಿಯೇ ನಂಬಬೇಕು. ಸ್ಕಾಟ್ಲೆಂಡಿನ ನಾಲ್ಕನೆಯ ಜೇಮ್ಸ್ ದೊರೆಯು ೧೪೯೩ರಲ್ಲಿ ಇಬ್ಬರು ಮಕ್ಕಳನ್ನು ಒಬ್ಬ ಮೂಗಿಯೊಡನೆ ಇಂಚ್‌ಕೀತ್ ದ್ವೀಪಕ್ಕೆ ಕಳುಹಿಸಿದನಂತೆ. ಅವರು ಒಳ್ಳೆಯ ಹೀಬ್ರೂ ಭಾಷೆಯನ್ನಾಡಿದರೆಂದು ಕೆಲವರು ಹೇಳುವುದಾಗಿಯೂ, ತನಗೆ ಮಾತ್ರ ಅದು ಗೊತ್ತಿಲ್ಲವೆಂದೂ ಆ ದೇಶದ ಚರಿತ್ರಕಾರ ಪಿಟ್‌ಸ್ಕಾಟಿಯು ಜಾಣತನದಿಂದ ಜಾರಿಕೊಳ್ಳುತ್ತಾನೆ. ಈ ನಾಲ್ಕು ಕಥೆಗಳಲ್ಲಿ ಪರಸ್ಪರ ವಿರೋಧಿಗಳಾದ ಇಬ್ಬರು ಸಮಕಾಲೀನರು ಒಂದೇ ಫಲವನ್ನು ಹೇಳುವುದು ಅಕ್ಬರನ ವಿಷಯದಲ್ಲಿ ಮಾತ್ರವೇ. ಆದುದರಿಂದ ಅದೊಂದನ್ನು ನಿಶ್ಚಯವೆಂದು ಹಿಡಿಯಬಹುದು.

ಗುಂಗ್ ಮಹಲಿನ ವಿಷಯದಲ್ಲಿ ಇನ್ನೊಂದು ಮಾತುಂಟು. ೧೭೦೫ರಲ್ಲಿ ಮೊಗಲರ ಚರಿತ್ರೆಯನ್ನು ಪ್ರಕಟಿಸಿದ ಕಾತ್ರು ಎಂಬ ಫ್ರೆಂಚ್ ಪಾದ್ರಿಯು, ಆ ಮಕ್ಕಳ ದಾದಿಯರೂ ಮೂಗಿಯರೇ ಆಗಿದ್ದರೆಂದೂ, ಮಕ್ಕಳು ಅವರನ್ನು ನೋಡಿ ಕೈಸನ್ನೆಗಳಿಂದ ತಮ್ಮ ಭಾವವನ್ನು ತಿಳಿಸುವುದನ್ನು ಕಲಿತಿದ್ದರೆಂದೂ ಹೇಳುತ್ತಾನೆ. ಇದು ಒಂದು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲಿನ ಬರೆಹ. ಆದರೂ ಈ ಮಾತನ್ನು ಮನಸ್ಸಿನಲ್ಲಿಟ್ಟಿರಬೇಕು. ಮುಂದೆ ಇದರ ಪ್ರಸಕ್ತಿ ಬರುತ್ತದೆ.

ಅರಸರು ಕೇಳಿದ ಪ್ರಶ್ನೆ ಒಂದೇ: ಯಾರೂ ಕಲಿಸದಿದ್ದರೆ ಮಗು ಏನನ್ನು ಆಡೀತು? ಎಲ್ಲರ ನಡುವೆ ಬೆಳೆಯುವ ಮಗು ಹೇಗೆ ಮಾತನ್ನು ಕಲಿಯುತ್ತದೆ ಎಂಬ ಪ್ರಶ್ನೆಗೆ ಉತ್ತರವು ಪ್ರತಿಯೊಂದು ಮನೆಯ ತೊಟ್ಟಿಲಲ್ಲಿಯೂ ಇದ್ದರೂ ಅದನ್ನು ಬರೆದಿಡಬೇಕೆಂದು ಬಹುಕಾಲ ಯಾರಿಗೂ ತೋಚಲಿಲ್ಲ. ಕವಿಗಳು ಕೇಳಿದ್ದರು. ಶಾಕುಂತಲದ ಏಳನೆಯ ಅಂಕದಲ್ಲಿ, ಎದುರಿಗಿರುವವನು ತನ್ನ ಮಗನೆಂದು ಇನ್ನೂ ತಿಳಿಯದ ದುಷ್ಯಂತನು ಮಕ್ಕಳ ತೊದಲ್ನುಡಿಯ ಸೊಗಸಿಗೆ ಮನಸೋಲುವಂತೆ ಕಾಳಿದಾಸನು ಚಿತ್ರಿಸಿದ್ದಾನೆ. ತಾಯಂದಿರೂ ಅಜ್ಜಿಯರೂ ಯಾವ ತಿಂಗಳಿಗೆ ಯಾವ ಸದ್ದೆಂಬುದನ್ನು ಬಲ್ಲವರಾಗಿಯೇ ಇದ್ದರು. ಆದರೆ ಅವರ ಕೈಯಲ್ಲಿ ಲೇಖನಿಯಿರಲಿಲ್ಲ.

ಲೇಖನಿಯನ್ನು ಹಿಡಿದು ತೊಟ್ಟಿಲ ಬಳಿ ಕುಳಿತವರಲ್ಲಿ ಮೊದಮೊದಲಿಗನೆಂದರೆ ಜರ್ಮನಿಯ ತತ್ತ್ವಶಾಸ್ತ್ರದ ಪಂಡಿತನಾದ ಡೀಟ್ರಿಕ್ ಟೀಡೆಮಾನ್. ೧೭೮೧ರಲ್ಲಿ ತನಗೆ ಹುಟ್ಟಿದ ಫ್ರೀಡ್ರಿಕ್ ಎಂಬ ಮಗನ ಬೆಳವಣಿಗೆಯನ್ನು ಗಮನಿಸಿ ಬರೆದುಕೊಂಡು ೧೭೮೭ರಲ್ಲಿ ಪ್ರಕಟಿಸಿದನು. ಆ ಕೂಸು ಮುಂದೆ ಪ್ರಸಿದ್ಧ ಅಂಗರಚನಾಶಾಸ್ತ್ರಜ್ಞನಾಗಿ, ಕಪ್ಪುಜನರ ಮೆದುಳು ಬಿಳಿಯರದಕ್ಕಿಂತ ಕೀಳೆಂಬ ವಾದವನ್ನು ೧೮೩೬ರಲ್ಲಿ ಅಳತೆಗಳಿಂದ ಖಂಡಿಸಿದನು. ತಂದೆಯ ನಿರೀಕ್ಷಣೆಗೆ ಗುರಿಯಾದವನು ತಾನೂ ಒಳ್ಳೆಯ ನಿರೀಕ್ಷಕನಾದನು.

ಟೀಡೆಮಾನನ ಬರೆಹವನ್ನು ಲೋಕವು ಬಹುಮಟ್ಟಿಗೆ ಮರೆಯಿತು. ಸುಮಾರು ತೊಂಬತ್ತು ವರ್ಷಗಳ ಮೇಲೆ, ೧೮೭೬ರಲ್ಲಿ, ಫ್ರಾನ್ಸಿನ ತೇನ್ ಎಂಬ ವಿದ್ವಾಂಸನು ಒಂದು ಹೆಣ್ಣುಮಗು ಮಾತು ಕಲಿತ ಬಗೆಯನ್ನು ಕುರಿತು ಲೇಖನವನ್ನು ಬರೆದನು. ಅದರ ಇಂಗ್ಲಿಷ್ ಅನುವಾದವು ಮರುವರ್ಷ ‘ಮೈಂಡ್’ ಎಂಬ ಪತ್ರಿಕೆಯಲ್ಲಿ ಬಂದಿತು. ಅದನ್ನೋದಿದ ಚಾರಲ್ಸ್ ಡಾರ್ವಿನನಿಗೆ ತನ್ನಲ್ಲಿಯೂ ಅಂತಹ ಕಾಗದಗಳಿರುವುದು ನೆನಪಾಯಿತು. ಆತನ ಮೊದಲ ಮಗ ವಿಲಿಯಮ್ ಹುಟ್ಟಿದ್ದು ೧೮೩೯ನೆಯ ಡಿಸೆಂಬರ್ ೨೭ರಂದು. ಅಂದಿನಿಂದ ಗುರುತುಹಾಕಿಕೊಂಡಿದ್ದ ಟಿಪ್ಪಣಿಗಳನ್ನು ಮೂವತ್ತೇಳು ವರ್ಷಗಳ ಮೇಲೆ ಹೊರತೆಗೆದು ೧೮೭೭ರ ಅದೇ ಪತ್ರಿಕೆಯಲ್ಲಿ ಅಚ್ಚುಹಾಕಿಸಿದನು.

ಆ ಟಿಪ್ಪಣಿಗಳಲ್ಲಿ ಕನ್ನಡಿಗರನ್ನು ಬೆರಗುಗೊಳಿಸುವ ಒಂದು ಸಂಗತಿಯಿದೆ. ಐದೂವರೆ ತಿಂಗಳಿನಲ್ಲಿ ಮಗು “ದಾ” ಎಂದಿತು. ಅದಕ್ಕೆ ಅರ್ಥವೇನೂ ಇರಲಿಲ್ಲ. ಸರಿಯಾಗಿ ಒಂದು ವರ್ಷ ತುಂಬಿದಾಗ ಅದು ಆಹಾರಕ್ಕೆ ತಾನೇ ಒಂದು ಶಬ್ದವನ್ನು ಮಾಡಿಕೊಂಡಿತು. ಆ ಶಬ್ದವು “ಮಮ್”. ಹಸಿವಾದಾಗ ಅಳುವುದನ್ನು ಬಿಟ್ಟು “ಮಮ್” ಎನ್ನುವುದಕ್ಕೆ ತೊಡಗಿತು. ಸಕ್ಕರೆಗೆ “ಶು-ಮಮ್” ಎಂದು ಹೆಸರಿಟ್ಟಿತು. ಕಪ್ಪು ಎಂಬುದಕ್ಕೆ ಇಂಗ್ಲಿಷಿನಲ್ಲಿರುವ ಶಬ್ದವನ್ನು ಕಲಿತ ಮೇಲೆ ಜ್ಯೇಷ್ಠಮಧುವಿನ ಕಪ್ಪು ಮಿಠಾಯಿಗೆ “ಬ್ಲ್ಯಾಕ್-ಶು-ಮಮ್” ಎಂದಿತು. ಈ ಶಬ್ದವು ಎಲ್ಲಿಂದ ಬಂದಿತೆಂಬುದು ತನಗೆ ಹೊಳೆಯಲಿಲ್ಲವೆಂದು ಡಾರ್ವಿನನು ಹೇಳುತ್ತಾನೆ. ಕನ್ನಡ ಮನೆಯ ಯಾವ ಅಜ್ಜಿಯನ್ನು ಕೇಳಿದರೂ ಮಗುವಿನ ಅನ್ನಕ್ಕೆ “ಮಮ್ಮು” ಎಂಬುದೇ ಹೆಸರೆಂದು ಹೇಳುತ್ತಿದ್ದಳು! ಇದು ಒಂದು ಭಾಷೆಯಿಂದ ಮತ್ತೊಂದಕ್ಕೆ ಹೋದ ಶಬ್ದವಲ್ಲ. ತುಟಿಮುಚ್ಚಿ ಮೂಗಿನಿಂದ ಹೊರಡುವ ಮಕಾರವು ಹಾಲು ಕುಡಿಯುವ ಬಾಯಿಗೆ ಸಹಜವಾದ ಧ್ವನಿ. ಹಾಲೂಡಿಸುವವಳಿಗೂ ಹಾಲಿಗೂ ಅದೇ ಹೆಸರಾಗುವುದು ಅನೇಕ ದೇಶಗಳಲ್ಲಿ ಕಂಡುಬರುತ್ತದೆ. ಅಮ್ಮ, ಅಪ್ಪ, ಮಾಮ, ಪಾಪ ಮೊದಲಾದ ಓಷ್ಠ್ಯಾಕ್ಷರದ ಶಬ್ದಗಳು ಒಂದಕ್ಕೊಂದು ಸಂಬಂಧವಿಲ್ಲದ ಭಾಷೆಗಳಲ್ಲಿಯೂ ಕಾಣುವುದಕ್ಕೆ ಇದೇ ಕಾರಣವೆಂದು ರಷ್ಯದಲ್ಲಿ ಹುಟ್ಟಿದ ಭಾಷಾವಿಜ್ಞಾನಿ ರೋಮನ್ ಯಾಕೊಬ್ಸನನು ಮುಂದೆ ವಿವರಿಸಿದನು. ಆತನು ೧೯೪೧ರಲ್ಲಿ, ಯುದ್ಧದ ಮಧ್ಯೆ ಸ್ವೀಡನ್ನಿನಲ್ಲಿ ಆಶ್ರಯ ಪಡೆದಿದ್ದ ಕಾಲದಲ್ಲಿ, ಮಕ್ಕಳ ಧ್ವನಿಗಳು ಬರುವ ಕ್ರಮವನ್ನು ಕುರಿತು ಗ್ರಂಥವನ್ನು ಪ್ರಕಟಿಸಿದನು. ತುಟಿಯ ಅಕ್ಷರಗಳು ಮೊದಲು. ನಾಲಗೆಯ ಸೂಕ್ಷ್ಮ ಚಲನೆಯನ್ನು ಬೇಡುವವು ಕೊನೆಗೆ. ಕನ್ನಡದ ಮಗು ಮರವನ್ನು “ಮಲ” ಎನ್ನುವುದೂ, ಳಕಾರ ಣಕಾರಗಳನ್ನು ತಡವಾಗಿ ಹಿಡಿಯುವುದೂ ಇದಕ್ಕೆ ಹೊಂದುತ್ತದೆ. ಮೊದಲ ವರ್ಷದ ಕಲರವಕ್ಕೂ ಆಮೇಲಿನ ಮಾತಿಗೂ ಸಂಬಂಧವೇ ಇಲ್ಲವೆಂದು ಆತನು ಹೇಳಿದುದು ಮಾತ್ರ ನಿಲ್ಲಲಿಲ್ಲ. ಮಗು ಕಲರವದಲ್ಲಿ ಬಳಸಿದ ಧ್ವನಿಗಳೇ ಮೊದಲ ಶಬ್ದಗಳಲ್ಲಿಯೂ ಬರುತ್ತವೆಂದು ಮುಂದಿನ ನಿರೀಕ್ಷಣೆಗಳಿಂದ ಗೊತ್ತಾಯಿತು.

ಡಾರ್ವಿನನ ಅನಂತರ ಈ ಕೆಲಸವು ಶಾಸ್ತ್ರದ ರೂಪವನ್ನು ತಾಳಿತು. ಯೇನಾ ನಗರದ ಶರೀರಶಾಸ್ತ್ರಜ್ಞ ಪ್ರೇಯರನು ತನ್ನ ಮಗನನ್ನು ಹುಟ್ಟಿದಂದಿನಿಂದ ಮೂರು ವರ್ಷ ತುಂಬುವವರೆಗೆ ದಿನಕ್ಕೆ ಮೂರಾವರ್ತಿ ಪರೀಕ್ಷಿಸಿ ಬರೆದ ಗ್ರಂಥವು ೧೮೮೨ರಲ್ಲಿ ಬಂದಿತು. ಆದರೆ ಈ ಬಗೆಯ ಗ್ರಂಥಗಳಲ್ಲೆಲ್ಲಾ ಹೆಚ್ಚಿನದೆಂದರೆ ೧೯೦೭ರಲ್ಲಿ ಪ್ರಕಟವಾದ ಸ್ಟರ್ನ್ ದಂಪತಿಗಳ ‘ಕಿಂಡರ್‌ಶ್ಪ್ರಾಖೆ’, ಎಂದರೆ ‘ಮಕ್ಕಳ ಭಾಷೆ’. ಬ್ರೆಸ್ಲೌ ನಗರದಲ್ಲಿದ್ದ ಕ್ಲಾರಾ ಮತ್ತು ವಿಲಿಯಮ್ ಸ್ಟರ್ನ್ ಇವರು ಹಿಲ್ಡೆ, ಗ್ಯುಂಟರ್, ಎವ ಎಂಬ ತಮ್ಮ ಮೂವರು ಮಕ್ಕಳ ದಿನಚರಿಯನ್ನು ಸಾವಿರಾರು ಪುಟಗಳಷ್ಟು ಬರೆದಿಟ್ಟರು. ವಿಲಿಯಮನು ವಿಶ್ವವಿದ್ಯಾನಿಲಯದ ಪಂಡಿತನು. ಆದರೆ ದಿನಚರಿಯಲ್ಲಿ ಬಹುಪಾಲು ಕ್ಲಾರಾಳ ಕೈಬರೆಹ. ಮಕ್ಕಳ ಮುಂದೆ ಕಾಗದವನ್ನು ಹಿಡಿದು ಕುಳಿತರೆ ಅವರ ನಡತೆಯೇ ಬದಲಾದೀತೆಂದು, ಮನೆಗೆಲಸದ ನಡುವೆ ಕೇಳಿದುದನ್ನು ಮರೆಯಲ್ಲಿ ಬರೆದುಕೊಳ್ಳುತ್ತಿದ್ದಳು. ಅಜ್ಜಿಯರಿಗೆ ಯಾವಾಗಲೂ ಗೊತ್ತಿದ್ದುದಕ್ಕೆ ಕೊನೆಗೂ ಒಬ್ಬ ತಾಯಿಯ ಲೇಖನಿ ದೊರೆತಂತಾಯಿತು. ಗ್ರಂಥದ ಮೇಲೆ ಆಕೆಯ ಹೆಸರು ಗಂಡನ ಹೆಸರಿಗಿಂತ ಮೊದಲು ಅಚ್ಚಾಯಿತೆಂಬುದನ್ನು ಹೇಳದೆ ಬಿಡಬಾರದು. ಯೆಹೂದ್ಯರಾದ ಈ ದಂಪತಿಗಳು ಹಿಟ್ಲರನ ಕಾಲದಲ್ಲಿ ಸ್ವದೇಶವನ್ನು ಬಿಟ್ಟುಹೋಗಬೇಕಾಯಿತು. ವಿಲಿಯಮನು ೧೯೩೮ರಲ್ಲಿ ಅಮೆರಿಕದಲ್ಲಿ ತೀರಿಕೊಂಡನು. ದಿನಚರಿಗಳು ಉಳಿದುವು.

ಈ ಮನೆಗಳ ಬರೆಹಗಳನ್ನೂ ಆಮೇಲಿನ ಶೋಧನೆಗಳನ್ನೂ ಒಟ್ಟಿಗಿಟ್ಟು ನೋಡಿದರೆ ಒಂದು ಕ್ರಮವು ಕಾಣಿಸುತ್ತದೆ. ಎರಡು ತಿಂಗಳ ಸುಮಾರಿಗೆ ಅಳುವಲ್ಲದ ಮೃದುಸ್ವರವು ಕೊರಳಿನಿಂದ ಹೊರಡುತ್ತದೆ. ಆರೇಳು ತಿಂಗಳಿಗೆ “ಬಬಬ”, “ದದದ” ಎಂಬ ಅಕ್ಷರಮಾಲೆ. ವರ್ಷ ತುಂಬುವ ಹೊತ್ತಿಗೆ ಅರ್ಥವುಳ್ಳ ಮೊದಲ ಶಬ್ದ. ಅದಕ್ಕೂ ಮೊದಲೇ, ಕೇಳಿದ ಅನೇಕ ಶಬ್ದಗಳ ಅರಿವು. ಒಂದೂವರೆ ವರ್ಷದ ಸುಮಾರಿಗೆ, ಪ್ರತಿಯೊಂದು ವಸ್ತುವಿಗೂ ಒಂದು ಹೆಸರುಂಟೆಂಬುದು ಮಗುವಿಗೆ ಹೊಳೆಯುತ್ತದೆ. ಅಲ್ಲಿಂದ ಮುಂದೆ ಕಂಡದ್ದೆಲ್ಲದರ ಹೆಸರನ್ನೂ ಕೇಳತೊಡಗುತ್ತದೆ. ಮಗುವಿನ ಜೀವನದಲ್ಲಿ ಇದಕ್ಕಿಂತ ದೊಡ್ಡ ಶೋಧವಿಲ್ಲವೆಂಬುದು ಸ್ಟರ್ನ್ ದಂಪತಿಗಳ ಮತ. ಎರಡು ವರ್ಷದೊಳಗೆ ಎರಡು ಶಬ್ದಗಳನ್ನು ಜೋಡಿಸುವುದು; ಆಮೇಲೆ ವಿಭಕ್ತಿ, ಕಾಲ, ಪ್ರಶ್ನೆ, ನಿಷೇಧ.

ಕ್ರಮವು ಇಷ್ಟು ಸ್ಥಿರವಾದರೂ ಕಾಲವು ಸ್ಥಿರವಲ್ಲ. ಇದನ್ನು ಅಳೆದು ತೋರಿಸಿದವನು ಅಮೆರಿಕದ ರೋಜರ್ ಬ್ರೌನ್. ಆತನೂ ಆತನ ಶಿಷ್ಯರೂ ೧೯೬೨ರಲ್ಲಿ ತೊಡಗಿ ಮೂವರು ಮಕ್ಕಳ ಮಾತುಗಳನ್ನು ಧ್ವನಿಮುದ್ರಿಸಿಕೊಂಡರು. ಮಕ್ಕಳಿಗೆ ಆಡಮ್, ಈವ್, ಸಾರಾ ಎಂಬ ಕಲ್ಪಿತನಾಮಗಳನ್ನಿಟ್ಟರು. ೧೯೭೩ರಲ್ಲಿ ಹೊರಬಂದ ಆತನ ಗ್ರಂಥದ ಪ್ರಕಾರ, ಇಂಗ್ಲಿಷಿನ ಪ್ರತ್ಯಯಗಳನ್ನು ಮೂವರೂ ಹೆಚ್ಚುಕಡಿಮೆ ಒಂದೇ ಅನುಕ್ರಮದಲ್ಲಿ ಕಲಿತರು. ಆದರೆ ಈವಳು ಎರಡೂಕಾಲು ವರ್ಷ ದಾಟುವಷ್ಟರಲ್ಲಿ ಏರಿದ ಮೆಟ್ಟಿಲನ್ನು ಉಳಿದಿಬ್ಬರು ಏರಿದ್ದು ಮೂರೂವರೆ, ನಾಲ್ಕು ವರ್ಷಗಳಿಗೆ. ಮೂವರೂ ಆರೋಗ್ಯವಂತರು, ಮೂವರೂ ಮುಂದೆ ಸರಿಯಾಗಿ ಮಾತನಾಡಿದವರೇ. ನೆರೆಮನೆಯ ಮಗುವಿನೊಡನೆ ತಮ್ಮ ಮಗುವನ್ನು ವಾರವಾರಕ್ಕೂ ತೂಗಿನೋಡುವ ತಂದೆತಾಯಿಗಳು ಈ ಒಂದು ಸಂಗತಿಯನ್ನು ಬಲ್ಲವರಾದರೆ ಎಷ್ಟೋ ಮನೆಗಳಲ್ಲಿ ನೆಮ್ಮದಿ ಹೆಚ್ಚುತ್ತಿತ್ತು.

ಎರಡು ಭಾಷೆಗಳ ಮನೆಯ ಮಾತನ್ನೂ ಇಲ್ಲಿಯೇ ಹೇಳಬೇಕು. ಮನೆಯಲ್ಲಿ ತುಳು, ಬೀದಿಯಲ್ಲಿ ಕನ್ನಡ. ತಾಯಿಯದು ಕೊಂಕಣಿ, ತಂದೆಯದು ಮರಾಠಿ ಎಂಬ ಕುಟುಂಬಗಳು ಕರ್ಣಾಟಕದಲ್ಲಿ ಅಪೂರ್ವವಲ್ಲ. ಮಗುವಿಗೆ ಗೊಂದಲವಾದೀತೆಂಬ ಭಯದಿಂದ ಒಂದು ಭಾಷೆಯನ್ನು ಕೈಬಿಡುವುದೂ ಉಂಟು. ಫ್ರಾನ್ಸಿನ ರೊಂಜಾ ಎಂಬುವನು ಫ್ರೆಂಚನ್ನೂ, ಆತನ ಹೆಂಡತಿಯು ಜರ್ಮನನ್ನೂ ಮಾತ್ರ ಆಡುತ್ತ ಮಗನನ್ನು ಬೆಳೆಸಿ, ಹುಡುಗನು ಎರಡನ್ನೂ ಚೆನ್ನಾಗಿ ಕಲಿತುದನ್ನು ೧೯೧೩ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ಅಮೆರಿಕದಲ್ಲಿ ನೆಲೆಸಿದ ಜರ್ಮನ್ ಪಂಡಿತ ಲಿಯೊಪೋಲ್ಡನು ತನ್ನ ಮಗಳು ಹಿಲ್ಡೆಗಾರ್ಡಳ ವಿಷಯವಾಗಿ ೧೯೩೯ರಿಂದ ೧೯೪೯ರವರೆಗೆ ನಾಲ್ಕು ಸಂಪುಟಗಳನ್ನೇ ಬರೆದನು. ಅವಳು ಮೊದಲೆರಡು ವರ್ಷ ಎರಡನ್ನೂ ಬೆರೆಸಿದಳು; ಆಮೇಲೆ ತಾನಾಗಿಯೇ ಬೇರ್ಪಡಿಸಿಕೊಂಡಳು.

ಇಷ್ಟರವರೆಗಿನ ಚರಿತ್ರೆಯೆಲ್ಲ ಬಾಯಿಯದು. ಕಿವಿಯ ಚರಿತ್ರೆಯು ಹೊರಬಿದ್ದುದು ೧೯೭೧ರಿಂದ ಈಚೆಗೆ. ಮಾತನಾಡದ ಕೂಸಿಗೆ ಏನು ಕೇಳಿಸುತ್ತದೆಂದು ತಿಳಿಯುವ ಬಗೆ ಹೇಗೆ? ಪೀಟರ್ ಐಮಸ್ ಎಂಬ ವಿಜ್ಞಾನಿಯೂ ಆತನ ಸಂಗಡಿಗರೂ ಚೀಪುವ ರಬ್ಬರ್ ತೊಟ್ಟಿಗೆ ಯಂತ್ರವನ್ನು ಜೋಡಿಸಿದರು. ಹೊಸ ಸದ್ದು ಕೇಳಿದಾಗ ಕೂಸು ಜೋರಾಗಿ ಚೀಪುತ್ತದೆ. ಅದೇ ಸದ್ದು ಮತ್ತೆ ಮತ್ತೆ ಬಂದರೆ ಬೇಸತ್ತು ನಿಧಾನಿಸುತ್ತದೆ. ಈ ಉಪಾಯದಿಂದ, ಒಂದು ತಿಂಗಳ ಕೂಸಿಗೂ ಪಕಾರ ಬಕಾರಗಳ ಭೇದವು ತಿಳಿಯುತ್ತದೆಂದು ಗೊತ್ತಾಯಿತು. ಹುಟ್ಟಿ ಮೂರು ದಿನದೊಳಗೇ ಕೂಸು ತಾಯಿಯ ಧ್ವನಿಯನ್ನು ಪರಸ್ತ್ರೀಯ ಧ್ವನಿಗಿಂತ ಹೆಚ್ಚಾಗಿ ಬಯಸುತ್ತದೆಂಬುದು ೧೯೮೦ರಲ್ಲಿ ತಿಳಿಯಿತು.

ಇನ್ನೂ ಸ್ವಾರಸ್ಯವಾದುದು ಕೆನಡಾ ದೇಶದ ವ್ಯಾಂಕೂವರಿನಲ್ಲಿ ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಇವರು ನಡೆಸಿ ೧೯೮೪ರಲ್ಲಿ ಪ್ರಕಟಿಸಿದ ಶೋಧನೆ. ಅವರು ತೆಗೆದುಕೊಂಡುದು ಹಿಂದೀ ಭಾಷೆಯ ಟಕಾರ ತಕಾರಗಳನ್ನು. ಕನ್ನಡದಲ್ಲಿಯೂ ಇರುವ ಈ ಭೇದವು ಇಂಗ್ಲಿಷಿನಲ್ಲಿಲ್ಲ. ಇಂಗ್ಲಿಷಿನವರ ಕಿವಿಗೆ ಎರಡೂ ಒಂದೇ. ಆದರೆ ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳಿನ ಕೂಸುಗಳು ಇವೆರಡನ್ನೂ ಸುಲಭವಾಗಿ ಬೇರೆಮಾಡಿದುವು! ಹತ್ತರಿಂದ ಹನ್ನೆರಡು ತಿಂಗಳಿಗೆ ಬರುವಷ್ಟರಲ್ಲಿ ಆ ಶಕ್ತಿಯು ಬಹುಮಟ್ಟಿಗೆ ಅಳಿದಿತ್ತು. ಹಿಂದೀ ಮನೆಯ ಕೂಸುಗಳಲ್ಲಿ ಮಾತ್ರ ಉಳಿದಿತ್ತು. ಎಂದರೆ ಯಾವ ಭಾಷೆಯನ್ನಾದರೂ ಹಿಡಿಯಬಲ್ಲ ಕಿವಿಯೊಡನೆ ಹುಟ್ಟಿದ ಮಗು, ಒಂದು ಮಾತನ್ನಾಡುವ ಮೊದಲೇ ತನ್ನವರ ಮಾತಿಗೆ ಕಿವಿಯನ್ನು ಹದಗೊಳಿಸಿಕೊಂಡಿರುತ್ತದೆ. ಹಾಡುವ ಜೋಗುಳವೂ, ಸ್ನಾನಮಾಡಿಸುತ್ತ ಆಡುವ ಹರಟೆಯೂ ಕೂಸಿಗೆ ತಿಳಿಯದೆಂದು ಸುಮ್ಮನಿರುವವರು ಮೊದಲ ವರ್ಷದ ಈ ಕೆಲಸವನ್ನು ಅರಿಯರು.

ಕಿವಿಯೇ ಕೇಳದಿದ್ದರೆ? ಕಿವುಡು ಕೂಸೂ ಮೊದಮೊದಲು ಅಳುತ್ತದೆ, ನಗುತ್ತದೆ, ಕೊರಳಿನಲ್ಲಿ ಸ್ವರವನ್ನು ಮಾಡುತ್ತದೆ. ಆದುದರಿಂದ ಮನೆಯವರಿಗೆ ಸಂಶಯವೇ ಹುಟ್ಟುವುದಿಲ್ಲ. ಆರೇಳು ತಿಂಗಳಿಗೆ ಬರಬೇಕಾದ “ಬಬಬ” ಎಂಬ ಸ್ಪಷ್ಟಾಕ್ಷರಮಾಲೆಯು ಅದಕ್ಕೆ ಬಹಳ ತಡವಾಗುತ್ತದೆಂಬುದನ್ನು ಓಲರ್ ಮತ್ತು ಐಲರ್ಸ್ ಎಂಬ ವಿದ್ವಾಂಸರು ೧೯೮೮ರಲ್ಲಿ ತೋರಿಸಿದರು. ಗಂಡುಮಗು ನಿಧಾನ, ಇವನ ಅಪ್ಪನೂ ಹೀಗೆಯೇ ಎಂದು ಹಿರಿಯರು ಸಮಾಧಾನ ಹೇಳುತ್ತಿರುವಾಗ ಎರಡು ಮೂರು ವರ್ಷಗಳು ಕಳೆದುಹೋಗುತ್ತವೆ. ಹಿಂದೆ ಹೇಳಿದ ನೆಮ್ಮದಿಗೆ ಇದು ಎಲ್ಲೆ. ಮಾತು ತಡವಾಗುವುದು ಬೇರೆ, ಸದ್ದಿಗೆ ತಿರುಗದಿರುವುದು ಬೇರೆ. ಕಿವುಡುತನವು ಆರು ತಿಂಗಳೊಳಗೆ ಪತ್ತೆಯಾಗಿ ಆರೈಕೆ ಪಡೆದ ಮಕ್ಕಳು ತಡವಾಗಿ ಪತ್ತೆಯಾದವರಿಗಿಂತ ಭಾಷೆಯಲ್ಲಿ ಬಹಳ ಮುಂದಿರುವರೆಂದು ಅಮೆರಿಕದ ಕೊಲರಾಡೊ ಪ್ರಾಂತದ ಮಕ್ಕಳ ವಿಷಯವಾಗಿ ೧೯೯೮ರಲ್ಲಿ ಬಂದ ವರದಿಯು ಸ್ಥಿರಪಡಿಸಿತು. ಹುಟ್ಟಿದ ಕೆಲವು ದಿನಗಳಲ್ಲಿಯೇ, ಕೂಸು ನಿದ್ರಿಸುತ್ತಿರುವಾಗ, ನೋವಿಲ್ಲದೆ ಶ್ರವಣಪರೀಕ್ಷೆಯನ್ನು ಮಾಡುವ ಯಂತ್ರಗಳು ಈಗ ಇವೆ. ಮೈಸೂರಿನಲ್ಲಿ ೧೯೬೫ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಇಂತಹ ಪರೀಕ್ಷೆಗೂ ಚಿಕಿತ್ಸೆಗೂ ಈ ನಾಡಿನವರಿಗೆ ಹತ್ತಿರದ ಆಶ್ರಯವಾಗಿದೆ.

ಕಿವಿಯ ದಾರಿ ಮುಚ್ಚಿದಾಗ ಭಾಷೆಯು ಕೈಯ ದಾರಿಯನ್ನು ಹಿಡಿಯುವುದೂ ಉಂಟು. ಸನ್ನೆಯ ಭಾಷೆಯನ್ನಾಡುವ ತಂದೆತಾಯಿಗಳ ಕಿವುಡು ಕೂಸುಗಳು, ಬೇರೆ ಕೂಸುಗಳು ಬಾಯಿಯಿಂದ ಕಲರವ ಮಾಡುವ ವಯಸ್ಸಿನಲ್ಲಿಯೇ ಬೆರಳುಗಳಿಂದ ಅಂತಹುದೇ ಆವೃತ್ತಿಗಳನ್ನು ಮಾಡುತ್ತವೆಂದು ೧೯೯೧ರಲ್ಲಿ ಬೆಳಕಿಗೆ ಬಂದಿತು. ಮಧ್ಯ ಅಮೆರಿಕದ ನಿಕರಾಗುವ ದೇಶದಲ್ಲಿ ಇದಕ್ಕಿಂತ ದೊಡ್ಡ ಅದ್ಭುತವು ನಡೆಯಿತು. ಅಲ್ಲಿ ಕಿವುಡು ಮಕ್ಕಳು ಅಂದಿನವರೆಗೆ ತಂತಮ್ಮ ಮನೆಗಳಲ್ಲಿ ಒಂಟಿಯಾಗಿದ್ದು, ಮನೆಯವರೊಡನೆ ನಾಲ್ಕಾರು ಸನ್ನೆಗಳಿಂದ ಕಾಲ ಕಳೆಯುತ್ತಿದ್ದರು. ೧೯೭೭ರಲ್ಲಿ ಮನಾಗ್ವ ನಗರದಲ್ಲಿ ಒಂದು ಶಾಲೆಯೂ, ೧೯೭೯ರ ಕ್ರಾಂತಿಯ ಮೇಲೆ ದೊಡ್ಡ ಹುಡುಗರಿಗೆ ಕಸಬು ಕಲಿಸುವ ಇನ್ನೊಂದು ಶಾಲೆಯೂ ತೆರೆದುವು. ಉಪಾಧ್ಯಾಯರು ತುಟಿಯ ಚಲನೆಯನ್ನು ನೋಡಿ ಸ್ಪ್ಯಾನಿಷ್ ಕಲಿಯಿರೆಂದು ಹೆಣಗಿದರು, ಅದು ಫಲಿಸಲಿಲ್ಲ. ಆದರೆ ಆಟದ ಬಯಲಿನಲ್ಲಿಯೂ, ಬಸ್ಸಿನಲ್ಲಿಯೂ ಮಕ್ಕಳು ತಂತಮ್ಮ ಮನೆಯ ಸನ್ನೆಗಳನ್ನು ಕೂಡಿಸಿ, ಯಾರೂ ಕಲಿಸದ ಒಂದು ಭಾಷೆಯನ್ನು ಕಟ್ಟುತ್ತಿದ್ದರು. ೧೯೮೬ರಲ್ಲಿ ಅಲ್ಲಿಗೆ ಕರೆಸಲ್ಪಟ್ಟ ಭಾಷಾವಿಜ್ಞಾನಿ ಜೂಡಿ ಕೆಗ್ಲ್ ಎಂಬಾಕೆಯು ಅದನ್ನು ಕಂಡು ದಾಖಲೆಮಾಡತೊಡಗಿದಳು.

ಗುಂಗ್ ಮಹಲಿನ ಮಕ್ಕಳು ಕೈಸನ್ನೆಯನ್ನು ಬಲ್ಲವರಾಗಿದ್ದರೆಂಬ ಕಾತ್ರುವಿನ ಮಾತು ಇಲ್ಲಿ ನೆನಪಿಗೆ ಬಾರದಿರದು. ಅದು ನಿಜವಾಗಿದ್ದರೆ, ೧೫೮೨ರಲ್ಲಿ ಬಾದಶಹನು ಕಿವಿಗೊಟ್ಟು ಆಲಿಸಿದ ಮನೆಯಲ್ಲಿ ಭಾಷೆಯು ಕಣ್ಣಿನ ಮುಂದೆಯೇ ನಡೆದಿರಬೇಕು. ಆತನಿಗಾಗಲಿ ಆತನ ಚರಿತ್ರಕಾರನಿಗಾಗಲಿ ಅದನ್ನು ನೋಡಬೇಕೆಂದು ತೋರಲಿಲ್ಲ. ನಿಕರಾಗುವದಲ್ಲಿ ಭಾಷೆಯನ್ನು ಮೊದಲು ತೊಡಗಿದ ಹಿರಿಯ ಹುಡುಗರ ಸನ್ನೆಗಳು ಸರಳವಾಗಿದ್ದುವು. ೧೯೮೦ರ ದಶಕದ ನಡುವಿನಿಂದ ಈಚೆಗೆ ನಾಲ್ಕೈದು ವರ್ಷದ ಪುಟ್ಟ ಮಕ್ಕಳಾಗಿ ಶಾಲೆಗೆ ಬಂದವರು ಅದೇ ಸನ್ನೆಗಳನ್ನು ನೋಡಿ ಕಲಿತು, ಯಾರು ಯಾರಿಗೆ ಏನು ಮಾಡಿದರೆಂಬುದನ್ನು ಸನ್ನೆಯ ಸ್ಥಾನದಿಂದಲೇ ತಿಳಿಸುವ ವ್ಯಾಕರಣವನ್ನು ಅದಕ್ಕೆ ಸೇರಿಸಿದರು. ಭಾಷೆಯನ್ನು ಹುಟ್ಟಿಸಿದ ಹಿರಿಯರು ಬೆಳೆದು ದೊಡ್ಡವರಾದ ಮೇಲೂ ಕಿರಿಯರಷ್ಟು ನಿರರ್ಗಳವಾಗಿ ಅದನ್ನು ಆಡಲಾರದೆ ಹೋದರು.